ಸೆಕೆಂಡ್ ಹ್ಯಾಂಡ್ ಕಾರು ನಿಜಕ್ಕೂ ಎಷ್ಟು ಓಡಿದೆ? ಅಡ್ವಾನ್ಸ್ ಕೊಡುವ ಮುಂಚೆ ಪತ್ತೆ ಹಚ್ಚುವ ಬಗೆ

"2017ರ ಡೀಸೆಲ್ ಗಾಡಿ, ಮೀಟರ್‌ನಲ್ಲಿ 52 ಸಾವಿರ ಇದೆ. ನಂಬಬಹುದಾ?" ಹಳೇ ಕಾರು ಕೊಳ್ಳಲು ಹೊರಟವರು ನನಗೆ ಕಳಿಸುವ ಮೆಸೇಜುಗಳಲ್ಲಿ ವರ್ಷ ಬೇರೆ, ಅಂಕಿ ಬೇರೆ, ಪ್ರಶ್ನೆ ಮಾತ್ರ ಇದೇ. ಜೊತೆಗೆ ಡ್ಯಾಶ್‌ಬೋರ್ಡಿನ ಒಂದು ಫೋಟೊ ಇರುತ್ತದೆ. ಆ ಫೋಟೊ ನೋಡಿ ಯಾವ ಮೆಕ್ಯಾನಿಕ್ಕೂ ಉತ್ತರ ಹೇಳಲಾರ, ನಾನಂತೂ ಹೇಳಲಾರೆ. ಮೀಟರ್ ಮೇಲಿನ ಅಂಕಿ ಮಾರುವವನ ಹೇಳಿಕೆ ಅಷ್ಟೆ. ಅದಕ್ಕೆ ಸಾಕ್ಷಿ ಬೇರೆ ಕಡೆ ಹುಡುಕಬೇಕು. ಎಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು ಅನ್ನುವುದಷ್ಟೇ ಈ ಬರಹ.

ಮೊದಲು ಒಂದು ಮಾತಿನ ಗೊಂದಲ ಬಿಡಿಸಿಬಿಡೋಣ. ನಮ್ಮಲ್ಲಿ ಮೈಲೇಜ್ ಅಂದರೆ ಲೀಟರಿಗೆ ಎಷ್ಟು ಕೊಡುತ್ತದೆ ಎಂದು. ಕಾರು ಇದುವರೆಗೆ ಓಡಿದ ಒಟ್ಟು ದೂರಕ್ಕೂ ಕೆಲವರು ಅದೇ ಪದ ಬಳಸುತ್ತಾರೆ. ಬ್ರೋಕರ್ ಹತ್ತಿರ "ಮೈಲೇಜ್ ಎಷ್ಟು?" ಎಂದು ಕೇಳಿದರೆ "ಹದಿನೆಂಟು ಕೊಡುತ್ತೆ ಸಾರ್" ಅನ್ನುತ್ತಾನೆ, ನೀವು ಕೇಳಿದ್ದು ಅಲ್ಲಿಗೇ ಮುಗಿಯುತ್ತದೆ. "ಎಷ್ಟು ಕಿಲೋಮೀಟರ್ ಓಡಿದೆ?" ಎಂದೇ ಕೇಳಿ. ಆ ದೂರ ತೋರಿಸುವ ಸಾಧನ ಓಡೋಮೀಟರ್. ಕೆಳಗೆ ಮೀಟರ್ ಅಂದಲ್ಲೆಲ್ಲ ಅದೇ ಅರ್ಥ.

ಮೀಟರ್ ತಿರುಗಿಸುವುದು, ಅಂದರೆ ಅದರ ಅಂಕಿಯನ್ನು ಕಡಿಮೆ ಮಾಡಿಡುವುದು, ಎಷ್ಟು ಸುಲಭ ಎಂಬ ಅಂದಾಜು ನಿಮಗಿರಲಿ. ಹಳೇ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಬರುವ ಕೇಬಲ್ ಅಂಕಿಯ ಚಕ್ರಗಳನ್ನು ತಿರುಗಿಸುತ್ತಿತ್ತು. ಕೇಬಲ್ ಕಳಚಿಟ್ಟು ಓಡಿಸುತ್ತಿದ್ದರು, ಇಲ್ಲವೇ ಮೀಟರ್ ಬಿಚ್ಚಿ ಚಕ್ರಗಳನ್ನೇ ಹಿಂದಕ್ಕೆ ತಿರುಗಿಸುತ್ತಿದ್ದರು. ಹಾಗೆ ಮಾಡಿದಾಗ ಅಂಕಿಗಳು ಒಂದೇ ಸಾಲಿನಲ್ಲಿ ಕೂರದೆ ಒಂದು ಮೇಲೆ ಒಂದು ಕೆಳಗೆ ಕಾಣುತ್ತಿದ್ದವು, ಕಳ್ಳತನಕ್ಕೆ ಒಂದು ಗುರುತಾದರೂ ಇತ್ತು. ಡಿಜಿಟಲ್ ಮೀಟರಿನಲ್ಲಿ ಆ ಗುರುತೂ ಇಲ್ಲ. ಅಂಕಿ ಒಂದು ಪುಟ್ಟ ಮೆಮೊರಿ ಚಿಪ್‌ನಲ್ಲಿ ಕೂತಿರುತ್ತದೆ, ಸಾಧನ ಇದ್ದವನು ವೈರ್ ಚುಚ್ಚಿ ಬೇಕಾದ ಅಂಕಿ ಬರೆಯುತ್ತಾನೆ. "ಡಿಜಿಟಲ್ ಮೀಟರ್ ಸಾರ್, ಏನೂ ಮಾಡೋಕಾಗಲ್ಲ" ಎಂದು ಯಾರಾದರೂ ಹೇಳಿದರೆ, ಅವರಿಗೆ ಗೊತ್ತಿಲ್ಲ ಅಥವಾ ಚೆನ್ನಾಗಿಯೇ ಗೊತ್ತಿದೆ.

ಇಂಗ್ಲೆಂಡಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಕಡ್ಡಾಯ ತಪಾಸಣೆ ನಡೆಯುತ್ತದೆ. ಅಂದಿನ ಮೀಟರ್ ರೀಡಿಂಗ್ ಸರ್ಕಾರಿ ಜಾಲತಾಣದಲ್ಲಿ ಉಳಿಯುತ್ತದೆ, ನಂಬರ್ ಹಾಕಿ ಯಾರು ಬೇಕಾದರೂ ನೋಡಬಹುದು. ಬೆಲ್ಜಿಯಂನಲ್ಲಿ 2006ರಿಂದ ಹಳೇ ಕಾರು ಮಾರಲು ಕಿಲೋಮೀಟರ್ ಚರಿತ್ರೆಯ ಪ್ರಮಾಣಪತ್ರವೇ ಬೇಕು. ನಮ್ಮ ಸರ್ಕಾರದ ವಾಹನ ನೋಂದಣಿ ದಾಖಲೆಯ ವಾಹನ್ ಜಾಲತಾಣದಲ್ಲಿ ಕಾರಿನ ಬಗ್ಗೆ ಬೇಕಾದಷ್ಟು ವಿವರ ಸಿಗುತ್ತದೆ, ಓಡಿದ ದೂರ ಮಾತ್ರ ಸಿಗುವುದಿಲ್ಲ. ಹಾಗಾಗಿ ಆ ಚರಿತ್ರೆಯನ್ನು ನೀವೇ ಕೂಡಿಹಾಕಬೇಕು.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಹಾಳೆ, ಪೆನ್ನು, ಟಾರ್ಚ್, ಇಂಟರ್‌ನೆಟ್ ಇರುವ ಫೋನು, ಸಾಧ್ಯವಾದರೆ ಒಂದು ಓಬಿಡಿ ಸ್ಕ್ಯಾನರ್ (ಏನೆಂದು ಮುಂದೆ ಹೇಳುತ್ತೇನೆ), ಮತ್ತು ನಿಮ್ಮದೇ ಪರಿಚಯದ ಮೆಕ್ಯಾನಿಕ್. ಬ್ರೋಕರ್ ಕರೆತಂದ ಮೆಕ್ಯಾನಿಕ್ ಬೇಡ. ಹಾಳೆಯ ಮೇಲೆ ಎರಡು ಕಾಲಂ ಎಳೆಯಿರಿ, ಎಡಕ್ಕೆ ದಿನಾಂಕ, ಬಲಕ್ಕೆ ಕಿಲೋಮೀಟರ್. ಇನ್ನು ಮುಂದೆ ಎಲ್ಲಿ ದಿನಾಂಕವೂ ಕಿಲೋಮೀಟರೂ ಒಟ್ಟಿಗೆ ಕಂಡರೂ ಈ ಹಾಳೆಗೆ ಇಳಿಸಿಕೊಳ್ಳಿ.

1. ಫೋನಿನಲ್ಲೇ ಮುಗಿಯುವ ಕೆಲಸ

ಕಾರು ನೋಡಲು ಹೊರಡುವ ಮುಂಚೆ ಪೂರ್ತಿ ರಿಜಿಸ್ಟ್ರೇಷನ್ ನಂಬರ್ ಕೇಳಿ. ಜಾಹೀರಾತಿನ ಫೋಟೊದಲ್ಲಿ ನಂಬರ್ ಪ್ಲೇಟ್ ಮಸುಕು ಮಾಡಿರುವುದು ಮಾಮೂಲು, ಅದರಲ್ಲಿ ತಪ್ಪಿಲ್ಲ. ಆದರೆ ಕೇಳಿದ ಮೇಲೂ "ಬಂದು ನೋಡಿ, ಆಮೇಲೆ ಮಾತಾಡೋಣ" ಅನ್ನುವವರ ಬಳಿ ಹೋಗುವ ಪೆಟ್ರೋಲ್ ಉಳಿಸಿ.

ನಂಬರ್ ಸಿಕ್ಕಿದರೆ ವಾಹನ್ ದಾಖಲೆ ತೋರಿಸುವ ಸರ್ಕಾರದ ಪರಿವಾಹನ್ ಜಾಲತಾಣದಲ್ಲೋ ಎಂಪರಿವಾಹನ್ ಆಪ್‌ನಲ್ಲೋ ಹಾಕಿ ನೋಡಿ. ಮಾಲೀಕರ ಹೆಸರು ಅರ್ಧ ಮುಚ್ಚಿರುತ್ತದೆ, ಅದು ನಿಮಗೆ ಬೇಕಿಲ್ಲ. ಬೇಕಾದ್ದು ರಿಜಿಸ್ಟ್ರೇಷನ್ ದಿನಾಂಕ, ಇಂಧನ, ವಾಹನದ ವರ್ಗ, ಸಾಲ ಇನ್ನೂ ಇದೆಯೇ ಎಂಬುದು. ರಿಜಿಸ್ಟ್ರೇಷನ್ ದಿನಾಂಕವೇ ನಿಮ್ಮ ಹಾಳೆಯ ಮೊದಲ ಸಾಲು, ಅದರ ಎದುರು ಕಿಲೋಮೀಟರ್ ಸೊನ್ನೆ.

ಮಾರುವವರು ಹೇಳುವ ಕಿಲೋಮೀಟರನ್ನು ಬಾಯಿಮಾತಿಗೆ ಬಿಡಬೇಡಿ. "ಈಗ ಮೀಟರ್ ಎಷ್ಟಿದೆ, ಬರೆದು ಕಳಿಸಿ" ಎಂದು ವಾಟ್ಸಾಪಿನಲ್ಲಿ ಕೇಳಿ. ಮುಂದೆ ಜಗಳ ಬಂದರೆ ಆ ಒಂದು ಮೆಸೇಜಿಗೆ ಬೆಲೆ ಇದೆ.

ಇಲ್ಲೇ ಒಂದು ಸರಳ ಗುಣಾಕಾರ ಮಾಡಿಬಿಡಿ. ಮನೆ ಬಳಕೆಯ ಪೆಟ್ರೋಲ್ ಕಾರು ಸಾಮಾನ್ಯವಾಗಿ ವರ್ಷಕ್ಕೆ 10ರಿಂದ 12 ಸಾವಿರ ಕಿ.ಮೀ. ಓಡುತ್ತದೆ. ಡೀಸೆಲ್ ಕಾರಿಗೆ ಹೊಸದರಲ್ಲೇ ಲಕ್ಷದಷ್ಟು ಹೆಚ್ಚು ಕೊಟ್ಟವರು ಅದನ್ನು ಓಡಿಸಲಿಕ್ಕೆಂದೇ ಕೊಂಡಿರುತ್ತಾರೆ, 15ರಿಂದ 20 ಸಾವಿರ ಸಹಜ. ದಿನಕ್ಕೆ 150–200 ಕಿ.ಮೀ. ತಿರುಗುವ ಟ್ಯಾಕ್ಸಿ ತಿಂಗಳಿಗೆ 25 ದಿನ ಓಡಿದರೂ ವರ್ಷಕ್ಕೆ 45ರಿಂದ 60 ಸಾವಿರ ದಾಟುತ್ತದೆ. ಎಂಟು ವರ್ಷದ ಡೀಸೆಲ್ ಕಾರು 52 ಸಾವಿರ ಓಡಿದೆ ಅಂದರೆ ವರ್ಷಕ್ಕೆ ಆರೂವರೆ ಸಾವಿರ. ಆಗಬಾರದೆಂದೇನಿಲ್ಲ. ಆದರೆ ಯಾಕೆ ಎಂಬುದಕ್ಕೆ ಒಂದು ಕಾರಣ ಬೇಕು, ಆ ಕಾರಣಕ್ಕೆ ಕಾಗದ ಬೇಕು. "ಡಾಕ್ಟರ್ ಓಡಿಸ್ತಿದ್ದ ಗಾಡಿ", "ಮಗ ಅಮೆರಿಕದಲ್ಲಿದ್ದಾನೆ, ಅಪ್ಪ ದೇವಸ್ಥಾನಕ್ಕೆ ಮಾತ್ರ ತೆಗೀತಿದ್ರು" ಇವು ಕಾಗದವಲ್ಲ. ಈ ಡಾಕ್ಟರು, ಈ ಅಪ್ಪ ಕರ್ನಾಟಕದ ಎಲ್ಲಾ ಸೆಕೆಂಡ್ ಹ್ಯಾಂಡ್ ಯಾರ್ಡುಗಳಲ್ಲೂ ಇದ್ದಾರೆ.

2. ಹಿಂದೆ ಹಳದಿ ಬೋರ್ಡ್ ಇತ್ತೇ?

ಟ್ಯಾಕ್ಸಿಯಾಗಿ ಓಡಿದ ಕಾರನ್ನು ಆರ್‌ಟಿಒದಲ್ಲಿ ಖಾಸಗಿಗೆ ಬದಲಿಸಿ ಮಾರುವುದು ಕಾನೂನುಬದ್ಧ. ತೊಂದರೆ ಇರುವುದು ಅದನ್ನು ಮುಚ್ಚಿಟ್ಟು ಮೀಟರ್ ತಿರುಗಿಸುವುದರಲ್ಲಿ. ಕಪ್ಪು ಬೋರ್ಡಿನಲ್ಲಿ ಹಳದಿ ಅಕ್ಷರ ಇದ್ದ ಕಾರುಗಳೂ ಇದೇ ಗುಂಪು. ಅವು ಸೆಲ್ಫ್ ಡ್ರೈವ್ ಬಾಡಿಗೆಗೆ ಓಡಿದವು, ನೂರಾರು ಕೈ ಕಂಡವು.

ಆರ್‌ಸಿಯನ್ನು ಕೈಯಲ್ಲಿ ಹಿಡಿದು ನೋಡಿ. ಮೊದಲ ಮಾಲೀಕರ ಹೆಸರು ಟ್ರಾವೆಲ್ಸ್ ಅಥವಾ ಕಂಪನಿಯದೇ? ಹಳೇ ಇನ್ಶೂರೆನ್ಸ್ ಪಾಲಿಸಿ ಒಂದಾದರೂ ಕೇಳಿ, ಅದು ಬಾಡಿಗೆಗೆ ಪ್ರಯಾಣಿಕರನ್ನು ಸಾಗಿಸುವ ವಾಹನದ ಪಾಲಿಸಿಯಾಗಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ಕಾರಿನ ಮೇಲೂ ಗುರುತು ಉಳಿದಿರುತ್ತದೆ: ಬಾಗಿಲ ಮೇಲೆ ಸ್ಟಿಕ್ಕರ್ ಕಿತ್ತ ಚೌಕದಲ್ಲಿ ಬಣ್ಣ ಬೇರೆ, ಡ್ಯಾಶ್‌ಬೋರ್ಡಿನಲ್ಲಿ ಬಾಡಿಗೆ ಮೀಟರ್ ಅಥವಾ ಫೋನ್ ಸ್ಟ್ಯಾಂಡ್ ಕೂರಿಸಿದ್ದ ಸ್ಕ್ರೂ ತೂತು, ವೇಗಕ್ಕೆ ಮಿತಿ ಹಾಕುವ ಸ್ಪೀಡ್ ಗವರ್ನರ್ ತೆಗೆದ ವೈರಿನ ತುದಿ. ಹಿಂದಿನ ಸೀಟು ಮುಂದಿನ ಸೀಟಿಗಿಂತ ಹೆಚ್ಚು ಕುಗ್ಗಿದ್ದರೆ ಯೋಚಿಸಿ. ಮನೆ ಕಾರಿನಲ್ಲಿ ಸವೆಯುವುದು ಡ್ರೈವರ್ ಸೀಟು, ಟ್ಯಾಕ್ಸಿಯಲ್ಲಿ ಎರಡೂ.

3. ಸರ್ವಿಸ್ ಹಿಸ್ಟರಿ: ಅರ್ಧಕ್ಕರ್ಧ ಕೆಲಸ ಇಲ್ಲೇ

ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಕಾರು ಹೋದಾಗಲೆಲ್ಲ ಅಲ್ಲಿಯವರು ಮಾಡುವ ಮೊದಲ ಕೆಲಸ ಜಾಬ್ ಕಾರ್ಡ್ ಬರೆಯುವುದು. ಕಾರು ಬಂದ ದಿನ, ಅಂದಿನ ಕಿಲೋಮೀಟರ್, ಮಾಡಬೇಕಾದ ರಿಪೇರಿಗಳ ಪಟ್ಟಿಯನ್ನೇ ಜಾಬ್ ಕಾರ್ಡ್ ಅನ್ನುತ್ತಾರೆ. ಇದು ಕಂಪ್ಯೂಟರಿನಲ್ಲಿ ಚಾಸಿ ನಂಬರಿಗೆ (ಕಾರಿನ ಮೇಲೆ ಕಂಪನಿಯೇ ಕೆತ್ತಿದ ಗುರುತಿನ ನಂಬರ್) ಅಂಟಿಕೊಂಡು ಉಳಿಯುತ್ತದೆ. ಮೀಟರ್ ತಿರುಗಿಸುವವನ ಕೈ ಕಾರಿನ ಚಿಪ್‌ಗೆ ಎಟುಕುತ್ತದೆ, ಕಂಪನಿಯ ಕಂಪ್ಯೂಟರಿಗೆ ಎಟುಕುವುದಿಲ್ಲ.

ಆದರೆ ನೀವು ಹೋಗಿ ಕೇಳಿದರೆ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಅದು ಮಾಲೀಕರ ಮಾಹಿತಿ. ದಾರಿ ಎರಡು. ಮೊದಲನೆಯದು, ಮಾಲೀಕರ ಫೋನಿನಲ್ಲಿ ಕಂಪನಿಯ ಆಪ್ ಇದ್ದರೆ ಅದರಲ್ಲೇ ಸರ್ವಿಸ್ ದಾಖಲೆ ತೆರೆಯಲು ಹೇಳಿ. ಸ್ಕ್ರೀನ್‌ಶಾಟ್ ಕಳಿಸಿದರೆ ಸಾಲದು, ನಿಮ್ಮೆದುರು ತೆರೆಯಬೇಕು. ಎರಡನೆಯದು ಇನ್ನೂ ಒಳ್ಳೆಯದು: "ನಾಳೆ ಸರ್ವಿಸ್ ಸೆಂಟರಿನಲ್ಲೇ ಸಿಗೋಣ, ಚೆಕಪ್ ಖರ್ಚು ನನ್ನದು" ಅನ್ನಿ. ಮಾಲೀಕರು ಆರ್‌ಸಿ ಹಿಡಿದು ಎದುರಿಗಿದ್ದರೆ ಹಿಸ್ಟರಿಯ ಪ್ರಿಂಟ್ ಸಿಗುವುದು ಕಷ್ಟವಲ್ಲ, ಕಾರನ್ನು ಎತ್ತಿ ಕೆಳಗಿನಿಂದಲೂ ನೋಡಿಸಬಹುದು. ಈ ಮಾತಿಗೆ ಮಾರುವವರ ಮುಖ ಹೇಗಾಗುತ್ತದೆ ಎಂಬುದೇ ಒಂದು ಪರೀಕ್ಷೆ.

ಕಾರು ದೆಹಲಿಯಿಂದಲೋ ಮುಂಬೈಯಿಂದಲೋ ಬಂದಿದ್ದರೂ ಇದು ನಡೆಯುತ್ತದೆ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಗಾಡಿಗಳು ಎನ್‌ಒಸಿ ಹಿಡಿದು ಬೇರೆ ರಾಜ್ಯಗಳಿಗೆ ಬರುತ್ತಿವೆ. ನಂಬರ್ ಕೆಎ ಆಗಿ ಬದಲಾದರೂ ಚಾಸಿ ನಂಬರ್ ಬದಲಾಗುವುದಿಲ್ಲ. ಹುಡುಕಿಸುವಾಗ ಹೊಸ ರಿಜಿಸ್ಟ್ರೇಷನ್ ನಂಬರಿನಿಂದಲ್ಲ, ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರಿನಿಂದ ಹುಡುಕಿಸಿ. ಆ ನಂಬರ್ ಕಾರಿನ ಮೇಲೆ ಕೆತ್ತಿರುವುದಕ್ಕೆ ಹೊಂದುತ್ತದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ.

ಪ್ರಿಂಟ್ ಕೈಗೆ ಬಂದಾಗ ಜನ ನೋಡುವುದು ಕೊನೆಯ ಸಾಲನ್ನು ಮಾತ್ರ. ತಪ್ಪುವುದು ಅಲ್ಲೇ. ಕೊನೆಯ ಸಾಲು ಮೀಟರಿಗೆ ಹೊಂದಿಯೇ ಹೊಂದುತ್ತದೆ, ತಿರುಗಿಸಿದ ಮೇಲೆ ಒಂದು ಸಣ್ಣ ಸರ್ವಿಸ್ ಮಾಡಿಸಿ ಆ ಸಾಲು ಹುಟ್ಟಿಸಿರುತ್ತಾರೆ. ಎಲ್ಲಾ ಸಾಲುಗಳನ್ನೂ ಹಾಳೆಗೆ ಇಳಿಸಿ. ಬಹುತೇಕ ಕಾರುಗಳಿಗೆ ಸರ್ವಿಸ್ ಇರುವುದು 10 ಸಾವಿರ ಕಿ.ಮೀ.ಗೆ ಅಥವಾ ವರ್ಷಕ್ಕೆ ಒಮ್ಮೆ, ಯಾವುದು ಮೊದಲೋ ಅದು. ಹೆಚ್ಚು ಓಡುವ ಕಾರು ವರ್ಷಕ್ಕೆ ಎರಡು ಸಲ ಬಂದಿರುತ್ತದೆ. ಹಾಗೆ ಬರುತ್ತಿದ್ದ ಕಾರು ಇದ್ದಕ್ಕಿದ್ದಂತೆ ಎರಡು ವರ್ಷ ಮಾಯವಾಗಿ ಮತ್ತೆ ಕಾಣಿಸಿಕೊಂಡಿದ್ದರೆ ಆ ಎರಡು ವರ್ಷದ ಕತೆ ಕೇಳಿ. ವಾರಂಟಿ ಮುಗಿದ ಮೇಲೆ ಹೊರಗಿನ ಗ್ಯಾರೇಜಿಗೆ ಹೋಗುವವರು ಬಹಳ ಜನ, ಅದರಲ್ಲಿ ಕಳ್ಳತನವೇನಿಲ್ಲ. ಅಂಥವರ ಬಳಿ ಗ್ಯಾರೇಜಿನ ಬಿಲ್ಲೋ ಮೆಕ್ಯಾನಿಕ್ ನಂಬರೋ ಇರುತ್ತದೆ.

ಸರ್ವಿಸ್ ಪುಸ್ತಕ ತೋರಿಸಿದರೆ ಸಂತೋಷ, ಆದರೆ ಅದೊಂದನ್ನೇ ನಂಬಬೇಡಿ. ಆರು ವರ್ಷದ ಸೀಲು, ಸಹಿ ಎಲ್ಲಾ ಒಂದೇ ಪೆನ್ನಿನಲ್ಲಿ, ಪುಸ್ತಕದ ಮೂಲೆ ಒಂದೂ ಮಡಚಿಲ್ಲ ಅಂದರೆ ಅದನ್ನು ಒಂದೇ ಮಧ್ಯಾಹ್ನ ಬರೆದದ್ದು.

4. ಕಾರಿನೊಳಗೆ ಮರೆತುಹೋದ ಕಾಗದಗಳು

ಮೀಟರ್ ತಿರುಗಿಸುವವರು ಮೀಟರನ್ನು ನೆನಪಿಟ್ಟುಕೊಳ್ಳುತ್ತಾರೆ, ಸ್ಟಿಕ್ಕರನ್ನು ಮರೆಯುತ್ತಾರೆ. ಆಯಿಲ್ ಬದಲಿಸಿದಾಗ "ಮುಂದಿನ ಸರ್ವಿಸ್ ಇಷ್ಟು ಕಿ.ಮೀ.ಗೆ" ಎಂದು ಬರೆದ ಪುಟ್ಟ ಚೀಟಿ ಅಂಟಿಸುವ ಅಭ್ಯಾಸ ಇದೆ. ಡ್ರೈವರ್ ಬಾಗಿಲು ತೆರೆದಾಗ ಕಾಣುವ ಕಂಬ, ಮುಂಗಾಜಿನ ಮೇಲಿನ ಮೂಲೆ, ಬಾನೆಟ್ಟಿನ ಒಳಮೈ, ಏರ್ ಫಿಲ್ಟರ್ ಡಬ್ಬಿಯ ಮೇಲೆ ಟಾರ್ಚ್ ಬಿಟ್ಟು ಹುಡುಕಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟ್ ಬದಲಿಸಿದ ಕಿಲೋಮೀಟರನ್ನು ಕೆಲವು ಮೆಕ್ಯಾನಿಕ್‌ಗಳು ಎಂಜಿನ್ ಮೇಲೇ ಬರೆದಿಟ್ಟಿರುತ್ತಾರೆ. ಈ ಬೆಲ್ಟ್ ಬದಲಿಸುವುದು ಸಾಮಾನ್ಯವಾಗಿ ಲಕ್ಷ ಕಿಲೋಮೀಟರಿನ ಆಸುಪಾಸಿನಲ್ಲಿ. 60 ಸಾವಿರದ ಕಾರಿನಲ್ಲಿ ಹೊಸ ಬೆಲ್ಟ್ ಕಂಡರೆ ಯಾಕೆಂದು ಕೇಳಿ.

ಗ್ಲೋವ್ ಬಾಕ್ಸ್ ತೆಗೆಯಲು ಅನುಮತಿ ಕೇಳಿ ಒಳಗಿನ ಚೀಟಿಗಳನ್ನೆಲ್ಲ ಹರಡಿ. ಟೈರ್ ಅಂಗಡಿಯ ಬಿಲ್, ವೀಲ್ ಅಲೈನ್‌ಮೆಂಟ್ ಪ್ರಿಂಟ್, ಬ್ಯಾಟರಿ ವಾರಂಟಿ ಕಾರ್ಡ್ ಇವುಗಳಲ್ಲಿ ಆಗಾಗ ಕಿಲೋಮೀಟರ್ ಇರುತ್ತದೆ. ಇನ್ಶೂರೆನ್ಸ್ ಕ್ಲೇಮ್ ಆಗಿದ್ದರೆ ಸರ್ವೇಯರ್ ವರದಿಯಲ್ಲಿ ಅಂದಿನ ರೀಡಿಂಗ್ ದಾಖಲಾಗಿರುತ್ತದೆ, ಮಾಲೀಕರು ಕೇಳಿ ತರಿಸಿಕೊಳ್ಳಬಹುದು. ಓಡಿದಷ್ಟಕ್ಕೇ ಪ್ರೀಮಿಯಂ ಕಟ್ಟುವ ಹೊಸ ಬಗೆಯ ಪಾಲಿಸಿ ಮಾಡಿಸಿದ್ದರಂತೂ ಪಾಲಿಸಿ ಶುರುವಾದ ದಿನದ ರೀಡಿಂಗ್ ಇನ್ಶೂರೆನ್ಸ್ ಕಂಪನಿಯ ಬಳಿ ಇದೆ.

ಫಾಸ್ಟ್ಯಾಗ್ ಸ್ಟೇಟ್‌ಮೆಂಟನ್ನು ಯಾರೂ ಕೇಳುವುದಿಲ್ಲ, ನೀವು ಕೇಳಿ. 2021ರ ಫೆಬ್ರವರಿ 16ರಿಂದ ರಾಷ್ಟ್ರೀಯ ಹೆದ್ದಾರಿ ಟೋಲ್‌ಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಯಾವ ಟೋಲ್, ಯಾವ ದಿನ, ಎಷ್ಟು ಹೊತ್ತಿಗೆ ಎಂಬುದು ಟ್ಯಾಗ್ ಕೊಟ್ಟ ಬ್ಯಾಂಕಿನ ಆಪ್‌ನಲ್ಲಿ ಸಾಲುಸಾಲಾಗಿ ಇರುತ್ತದೆ. ಅದು ಕಿಲೋಮೀಟರ್ ಹೇಳುವುದಿಲ್ಲ, ಕಾರಿನ ಬದುಕು ಹೇಳುತ್ತದೆ. "ಸಿಟಿ ಬಿಟ್ಟು ಹೊರಗೆ ಹೋಗಿಲ್ಲ" ಎಂದ ಕಾರಿನ ಸ್ಟೇಟ್‌ಮೆಂಟಿನಲ್ಲಿ ಕಣಿಮಿಣಿಕೆ ಮತ್ತು ಗಣಂಗೂರು ಟೋಲ್ ವಾರವಾರವೂ ಕಂಡರೆ ಅದು ಮೈಸೂರಿಗೆ ಹೋಗಿಬರುತ್ತಿದ್ದ ಕಾರು. ತಿಂಗಳಿಗೆ ನಾಲ್ಕು ಸಲ ಬೆಂಗಳೂರು–ಮೈಸೂರು ಹೋಗಿಬಂದರೆ ಅದೊಂದೇ ವರ್ಷಕ್ಕೆ 13–14 ಸಾವಿರ ಕಿ.ಮೀ. ಸಾದಹಳ್ಳಿ ಟೋಲ್ ದಿನಕ್ಕೆರಡು ಸಲ ಕಂಡರೆ ಕಾರು ಏರ್‌ಪೋರ್ಟಿಗೆ ಯಾರನ್ನು ಕರೆದೊಯ್ಯುತ್ತಿತ್ತು ಎಂದು ಕೇಳುವುದು ನ್ಯಾಯ. ನಂಬರ್ ಹಾಕಿ ಟ್ರಾಫಿಕ್ ದಂಡದ ಪಟ್ಟಿಯನ್ನೂ ನೋಡಿ. ಬಾಕಿ ಎಷ್ಟು ಎಂಬುದರ ಜೊತೆಗೆ ಕಾರು ಎಲ್ಲೆಲ್ಲಿ ಓಡಾಡುತ್ತಿತ್ತು ಎಂಬುದೂ ಗೊತ್ತಾಗುತ್ತದೆ.

5. ಹಾಳೆಯನ್ನು ಓದುವುದು

ಹಾಳೆ ಹೀಗಿದೆ ಎಂದುಕೊಳ್ಳಿ:

2016 ಜೂನ್ — 0
2017 ಜೂನ್ — 18,400
2018 ಜೂನ್ — 37,900
2019 ಜುಲೈ — 58,200
2020 ಡಿಸೆಂಬರ್, ಟೈರ್ ಬಿಲ್ — 79,500
2023 ಮಾರ್ಚ್, ಅಲೈನ್‌ಮೆಂಟ್ ಚೀಟಿ — 52,300
ಇಂದು, ಮೀಟರಿನಲ್ಲಿ — 61,000

79 ಸಾವಿರ ಆಗಿದ್ದ ಕಾರು 52 ಸಾವಿರಕ್ಕೆ ಇಳಿದದ್ದು ಯಾರ ಕಣ್ಣಿಗೂ ಬೀಳುತ್ತದೆ. ಅಸಲಿ ದೂರ ಎಷ್ಟಿರಬಹುದು ಎಂಬ ಅಂದಾಜೂ ಇದೇ ಹಾಳೆಯಲ್ಲಿದೆ. ಮೊದಲ ಮೂರು ವರ್ಷ ಕಾರು ವರ್ಷಕ್ಕೆ ಸುಮಾರು 19 ಸಾವಿರ ಓಡಿದೆ. 2020ರ ಡಿಸೆಂಬರಿನಿಂದ 2023ರ ಮಾರ್ಚಿಗೆ ಎರಡೂ ಕಾಲು ವರ್ಷ, ಅಂದರೆ ಇನ್ನೊಂದು 40 ಸಾವಿರಕ್ಕೆ ಮೇಲೆ. 2023ರಲ್ಲಿ ಮೀಟರ್ ತೋರಿಸಬೇಕಿದ್ದದ್ದು ಸುಮಾರು 1 ಲಕ್ಷ 20 ಸಾವಿರ. ಕತ್ತರಿಸಿದ್ದು ಹೆಚ್ಚುಕಡಿಮೆ 70 ಸಾವಿರ, ಇಂದಿನ ಅಸಲಿ ದೂರ 1 ಲಕ್ಷ 30 ಸಾವಿರದ ಹತ್ತಿರ.

ಎಲ್ಲಾ ಹಾಳೆಗಳೂ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಅಂಕಿ ಎಲ್ಲೂ ಕೆಳಗಿಳಿಯದೆ, ವರ್ಷಕ್ಕೆ 19 ಸಾವಿರ ಓಡುತ್ತಿದ್ದ ಕಾರು ಇದ್ದಕ್ಕಿದ್ದಂತೆ 3 ಸಾವಿರಕ್ಕೆ ಇಳಿದಿರಬಹುದು. ಅದು 2020–21ರಲ್ಲಾದರೆ ಲಾಕ್‌ಡೌನ್, ಮನೆಯಿಂದ ಕೆಲಸ, ನಂಬಬಹುದು. 2022ರ ನಂತರವಾದರೆ ಬೇರೆ ಕಾರಣ ಬೇಕು. ಎರಡನೇ ಕಾರು ಬಂತು, ಊರು ಬಿಟ್ಟರು, ಮೆಟ್ರೊ ಹಿಡಿದರು. ಹಾಳೆಯಲ್ಲಿ ಮೂರೇ ಸಾಲು ತುಂಬಿದ್ದರೆ ಮೀಟರ್ ಸುಳ್ಳು ಅಂತಲ್ಲ. ನಿಜ ಅನ್ನಲು ಆಧಾರವಿಲ್ಲ, ಅಷ್ಟೆ. ಬೆಲೆ ಮಾತಾಡುವಾಗ ಅಷ್ಟು ಸಾಕು.

6. ಮೈ ಸವೆದದ್ದನ್ನು ನೋಡುವುದು

ಕಾಗದ ಮುಗಿಯಿತು, ಇನ್ನು ಕಾರನ್ನೇ ನೋಡುವ ಸರದಿ. ಹಗಲಿನಲ್ಲಿ ಹೋಗಿ, ಕಾರು ತೊಳೆದು ಒದ್ದೆಯಾಗಿದ್ದಾಗ ನೋಡಬೇಡಿ.

ನಾನು ಮೊದಲು ನೋಡುವುದು ಪೆಡಲ್ ರಬ್ಬರ್. ಕ್ಲಚ್ ಪೆಡಲಿನ ಗೆರೆಗಳು ಅಳಿಸಿ ನುಣ್ಣಗಾಗಲು ಲಕ್ಷ ಕಿ.ಮೀ. ಹತ್ತಿರ ಬೇಕಾಗುತ್ತದೆ. ಮೀಟರಿನಲ್ಲಿ 40 ಸಾವಿರ, ಪೆಡಲ್ ಬೋಳು, ಇವೆರಡೂ ಒಟ್ಟಿಗೆ ಹೋಗುವುದಿಲ್ಲ. ತದ್ವಿರುದ್ಧವೂ ಅಷ್ಟೇ ಅನುಮಾನದ್ದು: ಎಂಟು ವರ್ಷದ ಕಾರಿನಲ್ಲಿ ಮೂರೂ ಪೆಡಲಿಗೆ ಹೊಳೆಯುವ ಹೊಸ ರಬ್ಬರ್. ಆಮೇಲೆ ಸ್ಟೇರಿಂಗ್. ಗಡಿಯಾರದ ಹತ್ತು, ಎರಡು ಇರುವ ಜಾಗದಲ್ಲಿ ಕೈ ಹಿಡಿದು ಹಿಡಿದು ಹೊಳಪು ಬಂದಿರುತ್ತದೆ. ಹೊಸ ಸ್ಟೇರಿಂಗ್ ಕವರ್ ಹಾಕಿದ್ದರೆ ಬಿಚ್ಚಿ ತೋರಿಸಲು ಹೇಳಿ. ಗೇರ್ ನಾಬ್ ಮೇಲಿನ ಅಂಕಿ ಅಳಿಸಿದೆಯೇ, ಪವರ್ ವಿಂಡೋ ಬಟನ್ನಿನ ಗುರುತು ಮಾಸಿದೆಯೇ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಗ್ಗಿ ಒಳಗಿನ ಸ್ಪಂಜು ಜೋತಿದೆಯೇ ನೋಡಿ. ಡ್ರೈವರ್ ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ, ಬಹಳ ಬಳಸಿದ ಬೆಲ್ಟಿನ ಅಂಚಿನಲ್ಲಿ ನೂಲು ಎದ್ದಿರುತ್ತದೆ, ಬಿಟ್ಟರೆ ಒಳಗೆ ಹೋಗಲು ಸೋಮಾರಿತನ ಮಾಡುತ್ತದೆ. ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಾದ ದಿನಾಂಕವೂ ಇರುತ್ತದೆ.

ಟೈರ್ ಒಂದು ಒಳ್ಳೆಯ ಸಾಕ್ಷಿ, ಓದಲು ಬಂದರೆ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಯ ಸಂಕೇತ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಕಾರಿನ ಟೈರು ಸಾಧಾರಣವಾಗಿ 40–50 ಸಾವಿರ ಕಿ.ಮೀ. ಬಾಳುತ್ತದೆ. 2018ರ ಕಾರು, ಮೀಟರಿನಲ್ಲಿ 30 ಸಾವಿರ, ನಾಲ್ಕೂ ಟೈರು 2021ರವು ಅಂದರೆ, 30 ಸಾವಿರ ಕೂಡ ಓಡದ ಕಾರಿಗೆ ಮೂರೇ ವರ್ಷದಲ್ಲಿ ಹೊಸ ಟೈರ್ ಯಾಕೆ ಬಂತು? ಡಿಕ್ಕಿ ತೆಗೆದು ಸ್ಟೆಪ್ನಿಯ ಸಂಕೇತವನ್ನೂ ಓದಿ. ಅದು ಕಾರಿನ ಜೊತೆ ಬಂದದ್ದೇ ಆಗಿದ್ದರೆ ಕಾರಿಗಿಂತ ಕೆಲವು ತಿಂಗಳು ಹಳೆಯದಿರುತ್ತದೆ. ಇದೇ ಥರ ಎಲ್ಲಾ ಗಾಜುಗಳ ಮೂಲೆಯಲ್ಲಿ ತಯಾರಿಕೆಯ ಗುರುತಿದೆ. ಐದು ಗಾಜು ಒಂದು ವರ್ಷದವು, ಒಂದು ಮಾತ್ರ ಬೇರೆ ಅಂದರೆ ಅದು ಕಿಲೋಮೀಟರಿನ ಮಾತಲ್ಲ, ಅಪಘಾತದ ಮಾತು.

ಬ್ರೇಕ್ ಡಿಸ್ಕನ್ನು ಚಕ್ರದ ಸಂದಿಯಿಂದ ನೋಡಬಹುದು. ಪ್ಯಾಡ್ ಉಜ್ಜಿದ ಜಾಗ ತಗ್ಗಾಗಿ ಹೊರ ಅಂಚಿನಲ್ಲಿ ತುಟಿಯಂತೆ ಏಣು ಎದ್ದಿದ್ದರೆ ಕಾರು ಬಹಳ ಓಡಿದೆ ಎಂದರ್ಥ. ಮುಂದಿನ ಬಂಪರ್ ಮತ್ತು ಬಾನೆಟ್ ತುದಿಯಲ್ಲಿ ಸೂಜಿಮೊನೆಯಷ್ಟು ಬಣ್ಣ ಹಾರಿದ ಚುಕ್ಕಿಗಳು ತುಂಬಿದ್ದರೆ ಅದು ಹೆದ್ದಾರಿಯಲ್ಲಿ ಕಲ್ಲು ಸಿಡಿದ ಗುರುತು, ಸಿಟಿ ಕಾರಿನಲ್ಲಿ ಅಷ್ಟು ಇರುವುದಿಲ್ಲ.

ಒಂದು ಎಚ್ಚರಿಕೆ. ಇವುಗಳಲ್ಲಿ ಯಾವುದೋ ಒಂದನ್ನು ಹಿಡಿದು ತೀರ್ಪು ಕೊಡಬೇಡಿ. ಉಂಗುರ ಹಾಕಿದ ಕೈ ಸ್ಟೇರಿಂಗನ್ನು ಬೇಗ ಸವೆಸುತ್ತದೆ, ಬಿಸಿಲಲ್ಲಿ ನಿಂತ ಕಾರಿನ ಪ್ಲಾಸ್ಟಿಕ್ ಬೇಗ ಮಾಸುತ್ತದೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ 30 ಸಾವಿರ ಓಡಿದ ಕ್ಲಚ್ಚು, ಚಿತ್ರದುರ್ಗ–ದಾವಣಗೆರೆ ಹೆದ್ದಾರಿಯಲ್ಲಿ 80 ಸಾವಿರ ಓಡಿದ ಕ್ಲಚ್ಚಿಗಿಂತ ಸೋತಿರಬಹುದು. ನಾಲ್ಕೈದು ಗುರುತುಗಳು ಒಂದೇ ದಿಕ್ಕಿಗೆ ಬೆರಳು ತೋರಿಸಿದಾಗ ಮಾತ್ರ ಅದಕ್ಕೆ ತೂಕ.

7. ಸ್ಕ್ಯಾನರ್ ಚುಚ್ಚುವುದು

2013ರ ಈಚಿನ ಕಾರುಗಳಲ್ಲಿ ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಅದೇ ಓಬಿಡಿ ಪೋರ್ಟ್. ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರಿನ ಜೊತೆ ಮಾತಾಡುವ ಬಾಗಿಲು ಅನ್ನಬಹುದು. ಬ್ಲೂಟೂತ್ ಸ್ಕ್ಯಾನರನ್ನು ಅಲ್ಲಿ ಚುಚ್ಚಿ ಫೋನಿನ ಆಪ್‌ನಲ್ಲಿ ಓದಬಹುದು, ಒಳ್ಳೆಯ ಗ್ಯಾರೇಜುಗಳಲ್ಲಿ ದೊಡ್ಡ ಸ್ಕ್ಯಾನರ್ ಇರುತ್ತದೆ.

ನೋಡಬೇಕಾದ ಒಂದು ಅಂಕಿ ಇದೆ: ದೋಷ ಸಂಕೇತಗಳನ್ನು ಕೊನೆಯ ಸಲ ಅಳಿಸಿದ ಮೇಲೆ ಕಾರು ಓಡಿದ ದೂರ. ಚೆಕ್ ಎಂಜಿನ್ ದೀಪ ಹತ್ತಿದಾಗ ಎಂಜಿನ್ ಕಂಪ್ಯೂಟರ್ ಬರೆದಿಡುವುದೇ ದೋಷ ಸಂಕೇತ. ಈ ದೂರ ಕೂತಿರುವುದು ಎಂಜಿನ್ ಕಂಪ್ಯೂಟರಿನಲ್ಲಿ, ಮೀಟರ್ ಪೆಟ್ಟಿಗೆಯಲ್ಲಲ್ಲ. ಮೀಟರ್ ಮಾತ್ರ ತಿರುಗಿಸಿದವನು ಇದನ್ನು ಬಿಟ್ಟಿರುತ್ತಾನೆ. ಮೀಟರ್ 38,000 ಅನ್ನುತ್ತದೆ, ಸಂಕೇತ ಅಳಿಸಿದ ಮೇಲೆ 57,000 ಓಡಿದೆ ಎಂದು ಇದು ಅನ್ನುತ್ತದೆ ಎಂದಾದರೆ ಇನ್ನು ಬೇರೆ ಪುರಾವೆ ಬೇಡ. ಈ ಅಂಕಿ 65,535ಕ್ಕಿಂತ ಮೇಲೆ ಹೋಗುವುದಿಲ್ಲ, ಅದು ಗೊತ್ತಿರಲಿ. ಬದಲಿಗೆ ತೀರಾ ಕಡಿಮೆ, 12 ಕಿ.ಮೀ. ಎಂದಿದ್ದರೆ ನಿಮಗೆ ತೋರಿಸುವ ಮುಂಚೆ ಯಾರೋ ದೋಷಗಳನ್ನು ಅಳಿಸಿದ್ದಾರೆ. ಬ್ಯಾಟರಿ ಕಳಚಿದರೂ ಕೆಲವು ಕಾರುಗಳಲ್ಲಿ ಹೀಗಾಗುತ್ತದೆ, ಕೇಳಿ ನೋಡಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಏರ್‌ಬ್ಯಾಗ್, ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳ ಕಂಪ್ಯೂಟರುಗಳಲ್ಲೂ ಕೆಲವು ಕಾರುಗಳು ದೂರವನ್ನು ಬರೆದಿಡುತ್ತವೆ, ಅದನ್ನು ಓದಲು ಆ ಕಂಪನಿಯ ಸ್ಕ್ಯಾನರೇ ಬೇಕು. ದುಬಾರಿ ಕಾರಾದರೆ ಈ ಖರ್ಚು ಮಾಡಿ. ಮೂರು ಲಕ್ಷದ ಹ್ಯಾಚ್‌ಬ್ಯಾಕಿಗೆ ಮೇಲಿನ ಒಂದು ಅಂಕಿ ಸಾಕು.

ಮೀಟರ್ ಪೆಟ್ಟಿಗೆ ಕೆಟ್ಟು ನ್ಯಾಯವಾಗಿಯೇ ಬದಲಿಸಿದ್ದೂ ಇರಬಹುದು. ಹಾಗಿದ್ದರೆ ಸರ್ವಿಸ್ ಸೆಂಟರಿನ ಬಿಲ್ಲಿನಲ್ಲಿ ಬದಲಿಸಿದ ದಿನ ಮತ್ತು ಹಳೆಯ ರೀಡಿಂಗ್ ಇರಬೇಕು.

8. ಓಡಿಸುವಾಗ

ಹೊರಡುವ ಮುಂಚೆ ಮೀಟರ್ ಬರೆದುಕೊಂಡು, ಫೋನಿನ ಮ್ಯಾಪಿನಲ್ಲಿ ಹತ್ತು ಕಿಲೋಮೀಟರಿನ ದಾರಿ ಹಾಕಿ. ವಾಪಸ್ ಬಂದಾಗ ಮೀಟರೂ ಹೆಚ್ಚುಕಡಿಮೆ ಅಷ್ಟೇ ಏರಿರಬೇಕು. ಆರೋ ಏಳೋ ಮಾತ್ರ ಏರಿದ್ದರೆ, ಅಥವಾ ಏರಿಯೇ ಇಲ್ಲದಿದ್ದರೆ, ಮೀಟರಿಗೆ ಹೋಗುವ ಲೆಕ್ಕವನ್ನೇ ಯಾರೋ ತಡೆದಿದ್ದಾರೆ ಅಥವಾ ಸೆನ್ಸರ್ ಕೆಟ್ಟಿದೆ. ಎರಡರಲ್ಲಿ ಯಾವುದಾದರೂ ಇದುವರೆಗಿನ ರೀಡಿಂಗಿಗೆ ಅರ್ಥವಿಲ್ಲ. ತಿರುಗಿಸಿದ ಮೀಟರನ್ನು ಹುಡುಕುವ ಭರದಲ್ಲಿ ನಿಂತ ಮೀಟರನ್ನು ಜನ ಮರೆಯುತ್ತಾರೆ.

9. ಬೆಲೆ ಮತ್ತು ಬರಹ

ಮೀಟರ್ ತಿರುಗಿಸಿದ್ದು ಖಾತ್ರಿಯಾದರೆ ಏನು ಮಾಡಬೇಕು? ನನ್ನ ಮಾತು ಒಂದೇ, ಬಿಟ್ಟು ಬನ್ನಿ. "ಹಾಗಾದ್ರೆ ನಲವತ್ತು ಸಾವಿರ ಕಡಿಮೆ ಮಾಡ್ತೀನಿ" ಅನ್ನುತ್ತಾರೆ, ಒಪ್ಪಬೇಡಿ. ಕಿಲೋಮೀಟರಿನಲ್ಲಿ ಸುಳ್ಳು ಹೇಳಿದವರು ಅಪಘಾತದಲ್ಲಿ, ನೀರು ಹೊಕ್ಕಿದ್ದರಲ್ಲಿ ನಿಜ ಹೇಳಿರುತ್ತಾರೆ ಎಂದು ನಂಬಲು ಕಾರಣವಿಲ್ಲ. 1 ಲಕ್ಷ 20 ಸಾವಿರ ಓಡಿದ್ದನ್ನು ಒಪ್ಪಿಕೊಂಡು ಒಂದೊಂದು ಸರ್ವಿಸ್ ಬಿಲ್ಲನ್ನೂ ಮುಂದಿಡುವ ಮಾಲೀಕರು ಸಿಕ್ಕರೆ, ದಾಖಲೆ ಇಲ್ಲದ 60 ಸಾವಿರದ ಕಾರಿಗಿಂತ ಅದನ್ನೇ ಕೊಳ್ಳಿ. ಬದಲಿಸಬೇಕಾದ ಕ್ಲಚ್, ಸಸ್ಪೆನ್ಷನ್, ಟೈರಿನ ಖರ್ಚು ಲೆಕ್ಕ ಹಾಕಿ ಬೆಲೆಯಲ್ಲಿ ಕಳೆದರಾಯಿತು.

ಇನ್ನು ನಿಜಕ್ಕೂ ಕಡಿಮೆ ಓಡಿದ ಹಳೇ ಕಾರು ಸಿಕ್ಕಿತು ಎಂದುಕೊಳ್ಳಿ. ಹತ್ತು ವರ್ಷದಲ್ಲಿ 22 ಸಾವಿರ, ಎಲ್ಲಾ ಸಾಲು ಹೊಂದುತ್ತಿವೆ. ಖುಷಿಯಲ್ಲಿ ಮೈ ಮರೆಯಬೇಡಿ. ನಿಂತೇ ಇದ್ದ ಕಾರಿನಲ್ಲಿ ಟೈರ್ ಬಿರುಕು ಬಿಟ್ಟಿರುತ್ತದೆ, ರಬ್ಬರ್ ಹೋಸುಗಳು ಗಟ್ಟಿಯಾಗಿರುತ್ತವೆ, ಇಲಿ ವೈರ್ ಕಡಿದಿರುತ್ತದೆ. ಎಲೆಕ್ಟ್ರಿಕ್ ಕಾರಾದರಂತೂ ಕಿಲೋಮೀಟರಿಗಿಂತ ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬ ಸರ್ವಿಸ್ ಸೆಂಟರಿನ ವರದಿಯೇ ಮುಖ್ಯ.

ಕೊಳ್ಳುವುದೆಂದಾದರೆ ಡೆಲಿವರಿ ಪತ್ರದಲ್ಲಿ ದಿನ, ಹೊತ್ತು, ಅಂದಿನ ಮೀಟರ್ ರೀಡಿಂಗ್ ಬರೆಸಿ. ಅದರ ಕೆಳಗೆ ಒಂದು ವಾಕ್ಯ: "ನನಗೆ ತಿಳಿದಂತೆ ಈ ರೀಡಿಂಗ್ ಕಾರು ಓಡಿದ ನಿಜವಾದ ದೂರ, ಮೀಟರನ್ನು ಬದಲಿಸಿಲ್ಲ, ತಿದ್ದಿಲ್ಲ." ಇಬ್ಬರೂ ಸಹಿ ಮಾಡಿ, ಡ್ಯಾಶ್‌ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಸಹಿ ಹಾಕಲು ಹಿಂದೆಗೆದವರ ಬಳಿ ಟೋಕನ್ ಅಡ್ವಾನ್ಸ್ ಕೊಡಬೇಡಿ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30 ಅಂದೇ ಸಹಿಯಾಗಲಿ. ಡೀಲರ್ ಮೂಲಕ ಕೊಳ್ಳುವುದಾದರೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಹಳೇ ಕಾರು ಮಾರುವ ಡೀಲರಿಗೆ ಆರ್‌ಟಿಒ ಅನುಮತಿ ಪತ್ರ ಬೇಕು, ಮಾಲೀಕರು ಕಾರನ್ನು ಅವರಿಗೆ ಒಪ್ಪಿಸಿದ್ದಕ್ಕೆ ಫಾರಂ 29ಸಿ ಇರಬೇಕು. ಎರಡನ್ನೂ ಕೇಳಿ. "ಇಷ್ಟು ನೂರು ಪಾಯಿಂಟ್ ಇನ್‌ಸ್ಪೆಕ್ಷನ್ ಆಗಿದೆ" ಎಂಬ ಹಾಳೆ ತೋರಿಸಿದರೆ ಕೊನೆಯ ಸಣ್ಣ ಅಕ್ಷರ ಓದಿ, ಮೀಟರ್ ರೀಡಿಂಗಿಗೆ ಜವಾಬ್ದಾರಿ ತಮ್ಮದಲ್ಲ ಎಂಬ ಸಾಲು ಅಲ್ಲೆಲ್ಲಾದರೂ ಕೂತಿದೆಯೇ ನೋಡಿ.

ಕೊಂಡ ಮೇಲೆ ಗೊತ್ತಾದರೆ

ಮೊದಲು ಪುರಾವೆ ಗಟ್ಟಿ ಮಾಡಿಕೊಳ್ಳಿ. ಈಗ ಮಾಲೀಕರು ನೀವೇ ಆದ್ದರಿಂದ ಸರ್ವಿಸ್ ಸೆಂಟರಿನಿಂದ ಪೂರ್ತಿ ಹಿಸ್ಟರಿಯನ್ನು ನೀವೇ ಕೇಳಬಹುದು. ಮೀಟರನ್ನು ಬಿಚ್ಚಿಸಬೇಡಿ, ಸರಿಪಡಿಸಲೂ ಹೋಗಬೇಡಿ. ಮಾರಿದವರಿಗೆ ಬರಹದಲ್ಲಿ ತಿಳಿಸಿ. ಡೀಲರ್ ಆಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ನೀವು ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಕೇಳುತ್ತದೆ, 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಮಾರಿದ್ದು ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಾದರೆ ಗ್ರಾಹಕ ಆಯೋಗದ ದಾರಿ ಕಷ್ಟ. ಆಗ ವಂಚನೆಯ ದೂರು, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ, ಪೊಲೀಸ್ ಠಾಣೆ. ಅಲ್ಲಿ ಮೊದಲು ಕೇಳುವುದು "ಅವರು ಇಷ್ಟು ಕಿಲೋಮೀಟರ್ ಅಂತ ಹೇಳಿದ್ದಕ್ಕೆ ಏನಿದೆ ನಿಮ್ಮ ಹತ್ರ?" ಎಂದು. ವಾಟ್ಸಾಪ್ ಮೆಸೇಜು, ಸಹಿ ಮಾಡಿದ ಡೆಲಿವರಿ ಪತ್ರ, ನಿಮ್ಮ ಎರಡು ಕಾಲಮ್ಮಿನ ಹಾಳೆ, ಮೂರನ್ನೂ ಒಂದು ಫೈಲಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ.